ಅಜ್ಜನ ಪೈಲಟ್, ಮುಂಬೈ ಪೈಲಟ್: ಮೂರು ವಾಚಿನಿಂದ ಎರಡು ಕಟ್ಟಿದ ಒಂದು ಪ್ರಕರಣ

ಈ ಪ್ರಕರಣದಲ್ಲಿ ಮೂರು ವಾಚುಗಳಿವೆ. ಮೊದಲನೆಯದು ತುಮಕೂರಿನ ಎಚ್‌ಎಂಟಿ ಕಾರ್ಖಾನೆಯಲ್ಲಿ ದುಡಿದು ರಿಟೈರ್ ಆದ ಒಬ್ಬ ಹಿರಿಯರು ಕಟ್ಟಿಕೊಳ್ಳುತ್ತಿದ್ದ, ಪೈಲಟ್ ಅನ್ನುವ ಎಚ್‌ಎಂಟಿ ಮಾದರಿಯ ವಾಚು. ಅವರು ಈಗಿಲ್ಲ. ವಾಚು ಅವರ ಮೊಮ್ಮಗನ ಹತ್ತಿರ ಇದೆ, ಅವರು ಇಲ್ಲೇ ಒಂದು ಹೈಸ್ಕೂಲಿನಲ್ಲಿ ಮೇಷ್ಟ್ರು. ಎರಡನೆಯದು ಆ ಮೇಷ್ಟ್ರು ಮುಂಬೈ ಕಡೆಯ ಒಬ್ಬ ಮಾರಾಟಗಾರರಿಂದ ಫೋನಿನಲ್ಲೇ ನೋಡಿ ತರಿಸಿಕೊಂಡ ಫಳಫಳ ಹೊಳೆಯುವ ಇನ್ನೊಂದು ಪೈಲಟ್. ಮೂರನೆಯದು ಜನತಾ ಅನ್ನುವ ಇನ್ನೊಂದು ಎಚ್‌ಎಂಟಿ ಮಾದರಿ. ಡಯಲ್ ಪೂರ್ತಿ ಕೆಟ್ಟು ಮಂಡಿಪೇಟೆ ಹತ್ತಿರದ ರಿಪೇರಿ ಅಂಗಡಿಯೊಂದರ ಡ್ರಾಯರಿನಲ್ಲಿ ಬಿದ್ದಿತ್ತು. ಈ ಮೂರನ್ನು ಬಿಚ್ಚಿ ಅಂಗಡಿಯ ಯಜಮಾನರು ಮತ್ತು ನಾನು ಸೇರಿ ಎರಡು ವಾಚು ಕಟ್ಟಿದೆವು. ಒಂದು ಮನೆಯಲ್ಲೇ ಉಳಿಯಿತು. ಇನ್ನೊಂದನ್ನು ಮಾರುವ ಮಾತು ಬಂತು, ಅಲ್ಲಿಂದ ನಿಜವಾದ ತಕರಾರು ಶುರುವಾಯಿತು.

ಹಳೇ ವಾಚು ಕೂಡಿಸುವವರಿಗೆ, ಅಂದರೆ ಸಂಗ್ರಹ ಮಾಡುವವರಿಗೆ, ಇಂಥ ಕಥೆ ಹೊಸದಲ್ಲ. ಆದರೂ ಇದನ್ನು ಪೂರ್ತಿ ಬರೆಯುತ್ತಿದ್ದೇನೆ, ಯಾಕೆಂದರೆ ಅಸಲಿ ಯಾವುದು, ನಕಲಿ ಯಾವುದು ಅನ್ನುವ ಜಗಳದಲ್ಲಿ ಜನ ಎಲ್ಲ ಭಾಗಗಳನ್ನೂ ಒಂದೇ ತಕ್ಕಡಿಗೆ ಹಾಕುತ್ತಾರೆ. ನಕಲಿ ಗಾಜು ಹಾಕಿದರೂ "ಹೋಯ್ತು, ಒರಿಜಿನಲ್ ಅಲ್ಲ" ಅನ್ನುವವರಿದ್ದಾರೆ. ನಕಲಿ ಡಯಲ್ ಹಾಕಿ "ಮಷೀನ್ ಒರಿಜಿನಲ್ ಸಾರ್, ಇನ್ನೇನು ಬೇಕು" ಅನ್ನುವವರೂ ಇದ್ದಾರೆ. ಎರಡೂ ತಪ್ಪು. ಎಚ್‌ಎಂಟಿ ವಿಷಯದಲ್ಲಂತೂ ಎರಡನೇ ಮಾತು ತುಂಬಾ ತಪ್ಪು.

ಯಾಕೆ ಅಂತ ಹೇಳುತ್ತೇನೆ. ಹಿಂದೂಸ್ತಾನ್ ಮೆಷಿನ್ ಟೂಲ್ಸ್, ಅಂದರೆ ಎಚ್‌ಎಂಟಿ, ಶುರುವಾಗಿದ್ದು 1953ರಲ್ಲಿ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿ ಜೊತೆ ಕೈ ಜೋಡಿಸಿ ಬೆಂಗಳೂರಿನಲ್ಲಿ ವಾಚು ಮಾಡುವ ಕೆಲಸಕ್ಕೆ ಇಳಿದರು. ತುಮಕೂರಿನ ಕಾರ್ಖಾನೆ ಬಂದಿದ್ದು 1978ರಲ್ಲಿ. ಕೀ ಕೊಡುವ ವಾಚುಗಳಲ್ಲಿ ಜನ ಜಾಸ್ತಿ ಕಟ್ಟಿದ ಜನತಾ, ಪೈಲಟ್, ಜವಾನ್ ಇವೆಲ್ಲದರ ಒಳಗೆ ಇರುವುದು ಹೆಚ್ಚು ಕಡಿಮೆ ಒಂದೇ ಮಷೀನ್. ಸಿಟಿಜನ್ ವಿನ್ಯಾಸದಿಂದ ಬಂದ, ಕೂಡಿಸುವವರು 0231 ಅಂತ ಕರೆಯುವ ಮಷೀನ್ ಅದು. 17 ಜುವೆಲ್ (ಅಚ್ಚಿನ ತುದಿ ಕೂರುವಂಥ ಕಲ್ಲುಗಳು), ಗಂಟೆಗೆ 18,000 ಬಡಿತ, ಅಂದರೆ ಸೆಕೆಂಡಿಗೆ ಐದು. ಹೀಗಿರುವಾಗ ಜನತಾ ಮಷೀನನ್ನು ಪೈಲಟ್ ಕೇಸಿಗೆ ಕೂರಿಸಿದರೆ ಅದು ಅಲ್ಲೇ ಹುಟ್ಟಿದ ಹಾಗೆ ಓಡುತ್ತದೆ. ಹಿಂದಿನ ಮುಚ್ಚಳ ತೆಗೆದು ಒಳಗೆ ಎಚ್‌ಎಂಟಿ ಹೆಸರು ಇದೆ ಅಂತ ತೋರಿಸಿದರೆ ಅದು ಎಚ್‌ಎಂಟಿ ಅನ್ನುವುದು ಗೊತ್ತಾಗುತ್ತದೆಯೇ ಹೊರತು ಪೈಲಟ್ ಅನ್ನುವುದು ಗೊತ್ತಾಗುವುದಿಲ್ಲ. ಪೈಲಟ್‌ನ್ನು ಪೈಲಟ್ ಮಾಡುವುದು ಆ ಕಪ್ಪು ಡಯಲ್, ಅದರ ಬಿಳಿ ಅಂಕಿ, ಅದಕ್ಕೆ ಹೊಂದುವ ಮುಳ್ಳು, ಮತ್ತೆ ಕೇಸು. ಡಯಲ್ ನಕಲಿಯಾದರೆ ಅದು ಪೈಲಟ್ ಬಣ್ಣ ಹೊಡೆದ ಜನತಾ, ಅಷ್ಟೇ.

ಮಷೀನನ್ನೇ ನಕಲು ಮಾಡಿ ಮಾರುವವರನ್ನು ನಾನು ಇದುವರೆಗೆ ನೋಡಿಲ್ಲ. ಅಷ್ಟೊಂದು ಚಕ್ರ, ಅಷ್ಟೊಂದು ಸ್ಕ್ರೂ ಹೊಸದಾಗಿ ಮಾಡುವುದಕ್ಕಿಂತ ಹಳೇ ಮಷೀನ್ ತುಂಬಾ ಅಗ್ಗ. ನಕಲು ಆಗುವುದು ಯಾವಾಗಲೂ ಮುಖ. ಇದು ನಮ್ಮ ಕಡೆ ಮಾತ್ರದ ಮಾತೂ ಅಲ್ಲ. ರೋಲೆಕ್ಸ್ ಕಂಪನಿಯ ಡೇಟೋನಾ ಮಾದರಿಯಲ್ಲಿ ಹಾಲಿವುಡ್ ನಟ ಪಾಲ್ ನ್ಯೂಮನ್ ಹೆಸರಿನ ಡಯಲ್ ಅಂತ ಒಂದು ಬಗೆ ಇದೆ. ಆ ನಟ ಸ್ವಂತ ಕಟ್ಟುತ್ತಿದ್ದ ವಾಚು 2017ರ ಹರಾಜಿನಲ್ಲಿ 1.77 ಕೋಟಿ ಡಾಲರಿಗೆ ಹೋಯಿತು. ಅದೇ ಕಾಲದ ಸಾಮಾನ್ಯ ಡೇಟೋನಾಗೂ ಆ ಡಯಲ್ ಇರುವ ಡೇಟೋನಾಗೂ ಒಳಗಿನ ಮಷೀನಿನಲ್ಲಿ ವ್ಯತ್ಯಾಸ ಇಲ್ಲ, ಬೆಲೆಯಲ್ಲಿ ಮಾತ್ರ ಭಾರಿ ವ್ಯತ್ಯಾಸ. ಹಾಗಾಗಿ ಅಲ್ಲೂ ಸಾಮಾನ್ಯ ವಾಚಿಗೆ ಆ ಡಯಲ್ ಹಾಕಿ ಮಾರುವವರು ಹುಟ್ಟಿಕೊಂಡರು. ಕೋಟಿ ಡಾಲರಿನ ವಾಚಿನಲ್ಲೂ ಸಾವಿರ ರೂಪಾಯಿ ವಾಚಿನಲ್ಲೂ ಮೋಸ ನಡೆಯುವ ಜಾಗ ಒಂದೇ.

ಅಜ್ಜನ ವಾಚು ಬಂದಾಗ ಇದ್ದ ಸ್ಥಿತಿ

ಗಾಜು ಇರಲಿಲ್ಲ. ಮುಳ್ಳು ಮೂರೂ ಇದ್ದವು, ಸೆಕೆಂಡ್ ಮುಳ್ಳು ಸ್ವಲ್ಪ ಬಾಗಿತ್ತು. ಡಯಲ್ ಮೇಲೆ ನಾಲ್ಕರ ಅಂಕಿಯಿಂದ ಆರರ ತನಕ ನೀರು ಇಳಿದ ಕಲೆ, ಅಲ್ಲಿ ಮೇಲಿನ ವಾರ್ನಿಶ್ ಚಿಪ್ಪು ಚಿಪ್ಪಾಗಿ ಎದ್ದಿತ್ತು. ಕೇಸಿನ ಕ್ರೋಮ್ ಬೆಲ್ಟ್ ಸೇರುವ ಕಡೆ ಸವೆದು ಒಳಗಿನ ಹಿತ್ತಾಳೆ ಕಾಣುತ್ತಿತ್ತು. ಕೀ ತಿರುಗಿಸುವ ಕ್ರೌನ್ ಯಾವುದೋ ಲೇಡೀಸ್ ವಾಚಿನದು, ಚಿಕ್ಕದು. ಕೀ ಕೊಟ್ಟರೆ ಸ್ಪ್ರಿಂಗ್ ಬಿಗಿಯಾಗುತ್ತಿತ್ತು, ಆದರೆ ಬ್ಯಾಲೆನ್ಸ್, ಅಂದರೆ ಅತ್ತಿತ್ತ ಆಡುತ್ತಾ ವಾಚಿನ ಬಡಿತ ಕಾಯುವ ಚಕ್ರ, ಒಂದು ಕಡೆ ವಾಲಿಕೊಂಡು ನಿಂತಿತ್ತು.

ಹಿಂದಿನ ಮುಚ್ಚಳ ತೆಗೆದು ಯಜಮಾನರು ಮೊದಲು ಮಷೀನ್ ನೋಡಲಿಲ್ಲ. ಮುಚ್ಚಳವನ್ನು ತಿರುವಿ ಲೈಟಿನ ಕೆಳಗೆ ಓರೆಯಾಗಿ ಹಿಡಿದರು. ಒಳಮೈಯಲ್ಲಿ ಸೂಜಿಯಿಂದ ಗೀಚಿದ ಸಣ್ಣ ಸಣ್ಣ ಗುರುತುಗಳು. ಒಂದರಲ್ಲಿ ತಿಂಗಳು, ವರ್ಷ. ಇನ್ನೊಂದರಲ್ಲಿ ಎರಡು ಅಕ್ಷರ ಮತ್ತು ಒಂದು ನಂಬರು. ಮತ್ತೊಂದು ಉರ್ದುವಿನಲ್ಲಿತ್ತು, ಅರ್ಧ ಅಳಿಸಿತ್ತು. ಹಳೇ ಕಾಲದ ರಿಪೇರಿಯವರು ಸರ್ವಿಸ್ ಮಾಡಿದಾಗಲೆಲ್ಲ ಹೀಗೆ ಗೀಚಿ ಇಡುತ್ತಿದ್ದರು. ಮುಂದಿನ ಸಲ ವಾಚು ಬಂದರೆ ಯಾವಾಗ ಕೈ ಹಾಕಿದ್ದು, ಯಾರು ಕೈ ಹಾಕಿದ್ದು ಅಂತ ಗೊತ್ತಾಗಲಿ ಅಂತ. ಬೇರೆ ಬೇರೆ ಕೈಬರಹ, ಬೇರೆ ಬೇರೆ ಆಳ. ಈ ಮುಚ್ಚಳ ಈ ವಾಚಿನ ಜೊತೆ ತುಂಬಾ ವರ್ಷ ಇದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ಸಿಗುವುದಿಲ್ಲ.

ಮಷೀನಿನಲ್ಲಿ ಬ್ಯಾಲೆನ್ಸಿನ ಸ್ಟಾಫ್, ಅಂದರೆ ಆ ಚಕ್ರದ ನಡುವಿನ ಅಚ್ಚು, ಮೇಲಿನ ತುದಿಯಲ್ಲಿ ಮುರಿದಿತ್ತು. ಕಾರಣವೂ ಅಲ್ಲೇ ಇತ್ತು. ಡಯಲ್ ಮೇಲೆ ಪ್ಯಾರಾಶಾಕ್ ಅಂತ ಬರೆದಿರುತ್ತಾರಲ್ಲ, ಅದು ಸಿಟಿಜನ್‌ನವರು 1956ರಲ್ಲಿ ತಂದ ಏರ್ಪಾಡು. ಅಚ್ಚಿನ ತುದಿ ಕೂರುವ ಕಲ್ಲನ್ನು ಒಂದು ಸಣ್ಣ ಸ್ಪ್ರಿಂಗ್ ಹಿಡಿದಿರುತ್ತದೆ. ವಾಚು ಕೆಳಗೆ ಬಿದ್ದರೆ ಪೆಟ್ಟನ್ನು ಆ ಸ್ಪ್ರಿಂಗ್ ತಿನ್ನುತ್ತದೆ, ಅಚ್ಚು ಉಳಿಯುತ್ತದೆ. ಆ ಕಾಲಕ್ಕೆ ಹೆಲಿಕಾಪ್ಟರಿನಿಂದ ವಾಚು ಕೆಳಗೆ ಹಾಕಿ ಜನರಿಗೆ ತೋರಿಸಿದ್ದರು. ಅಜ್ಜನ ವಾಚಿನಲ್ಲಿ ಮೇಲುಗಡೆಯ ಆ ಸ್ಪ್ರಿಂಗೇ ಇರಲಿಲ್ಲ. ಯಾವುದೋ ರಿಪೇರಿಯಲ್ಲಿ ಚಿಮ್ಮಿ ಹೋಗಿ, ಯಾರೋ ಒಂದು ತಂತಿ ಚೂರು ಬಾಗಿಸಿ ಸಿಕ್ಕಿಸಿದ್ದರು. ಆಮೇಲೆ ಒಂದು ಪೆಟ್ಟು ಸಾಕಾಯಿತು.

ಮುಂಬೈಯಿಂದ ಬಂದಿದ್ದು

ಮೇಷ್ಟ್ರು ಮೊದಲು ಹೇಳಿದ್ದು ಹೀಗೆ: "ಸಾರ್, ಹೊಸದೊಂದು ತರಿಸಿದೀನಿ, ಸಾವಿರದ ಏಳ್ನೂರು ರೂಪಾಯಿ. ಅದರ ಡಯಲ್ಲು, ಕೇಸು ಎಲ್ಲಾ ತೆಗೆದು ಅಜ್ಜನ ವಾಚಿಗೆ ಹಾಕಿಬಿಡಿ. ತಂಗಿ ಮದುವೆಗೆ ಕಟ್ಕೋಬೇಕು, ಲಕಲಕ ಅಂತಿರಬೇಕು."

ಅವರ ಆಸೆ ನನಗೆ ಅರ್ಥವಾಗುತ್ತದೆ. ಅಜ್ಜನ ವಾಚು ಚೆನ್ನಾಗಿ ಕಾಣಲಿ ಅಂತ ಯಾರಿಗೆ ಅನಿಸುವುದಿಲ್ಲ? ಆದರೆ ಡಯಲ್, ಕೇಸು, ಮುಳ್ಳು, ಗಾಜು, ಕ್ರೌನ್, ಬ್ಯಾಲೆನ್ಸ್ ಎಲ್ಲಾ ಬದಲಾದರೆ ಉಳಿಯುವುದು ಹಿಂದಿನ ಮುಚ್ಚಳ ಮತ್ತು ಕೆಲವು ಚಕ್ರ. ಅದನ್ನು ಅಜ್ಜನ ವಾಚು ಅಂತ ಹೇಳುವುದು ಹೇಗೆ? ನಾನು ಭಾಷಣ ಮಾಡಲು ಹೋಗಲಿಲ್ಲ. ಎರಡೂ ಡಯಲ್ ಬಿಚ್ಚಿ, ಬಿಳಿ ಕಾಗದದ ಮೇಲೆ ಪಕ್ಕಪಕ್ಕ ಇಟ್ಟು, ಯಜಮಾನರ ಹತ್ತು ಪಟ್ಟಿನ ಲೂಪ್ (ಕಣ್ಣಿಗೆ ಹಿಡಿಯುವ ಭೂತಗನ್ನಡಿ) ಮೇಷ್ಟ್ರ ಕೈಗೆ ಕೊಟ್ಟೆ.

ಅಜ್ಜನ ಡಯಲ್‌ನಲ್ಲಿ ಅಕ್ಷರದ ಅಂಚು ಚೂಪಾಗಿದೆ. ಪ್ಯಾರಾಶಾಕ್ ಅನ್ನುವ ಇಂಗ್ಲಿಷ್ ಅಕ್ಷರಗಳ ಒಳಗಿನ ಖಾಲಿ ಜಾಗ, ಎಷ್ಟೇ ಸಣ್ಣದಾದರೂ, ಕಪ್ಪಾಗಿ ಬಿಡಿಸಿ ಕಾಣುತ್ತದೆ. ಅಂಚಿನ ನಿಮಿಷದ ಗೆರೆಗಳು ಒಂದೇ ದಪ್ಪ, ಹನ್ನೆರಡೂ ಅಂಕಿಯ ನಡುವಿಗೆ ಸರಿಯಾಗಿ ಬಂದು ನಿಲ್ಲುತ್ತವೆ. ಕಲೆ ಬಿದ್ದ ಕಡೆಯೂ ಕಲೆಯ ಕೆಳಗೆ ಗೆರೆ ಇದೆ. ಮುಂಬೈ ಡಯಲ್‌ನಲ್ಲಿ ಬಣ್ಣ ದಪ್ಪ, ಅಕ್ಷರದ ಹೊಟ್ಟೆಯೊಳಗೆ ಬಿಳಿ ಹರಿದು ತುಂಬಿಕೊಂಡಿದೆ. ಏಳರ ಹತ್ತಿರ ನಿಮಿಷದ ಗೆರೆ ಅಂಕಿಯಿಂದ ಪಕ್ಕಕ್ಕೆ ಸರಿದಿದೆ. ನಡುವಿನ ತೂತಿನ ಸುತ್ತ ಕಪ್ಪು ಬಣ್ಣ ಉಬ್ಬಿ ಒಂದು ಉಂಗುರದ ಹಾಗೆ ನಿಂತಿದೆ, ಹಳೇ ಡಯಲ್ ಕೆರೆದು ಮೇಲೆ ಬಣ್ಣ ಹೊಡೆದರೆ ಹಾಗಾಗುತ್ತದೆ. ಕೆಳಗಡೆ ಆರರ ಹತ್ತಿರ ಇರಬೇಕಾದ ಸಣ್ಣ ಬರಹ ಇಲ್ಲವೇ ಇಲ್ಲ. ಆಮೇಲೆ ಮೇಷ್ಟ್ರು ತಿರುವಿ ಹಿಂಭಾಗ ನೋಡಿದರು. ಡಯಲ್ ಹಿಂದೆ ಎರಡು ಸಣ್ಣ ಕಾಲು ಇರುತ್ತವೆ, ಅವು ಮಷೀನಿನ ತೂತಿಗೆ ಇಳಿದು ಕೂರುತ್ತವೆ. ಮುಂಬೈ ಡಯಲ್‌ಗೆ ಒಂದು ಕಾಲು ಇರಲಿಲ್ಲ, ಆ ಜಾಗದಲ್ಲಿ ಹಳದಿ ಗಮ್ಮಿನ ಗುಳ್ಳೆ ಒಣಗಿತ್ತು. ಗಮ್ಮಿನಿಂದಲೇ ಮಷೀನಿಗೆ ಅಂಟಿಸಿ ಕಳಿಸಿದ್ದರು.

ಮೇಷ್ಟ್ರು ಲೂಪ್ ಕೆಳಗಿಟ್ಟು, "ನಮ್ಮಜ್ಜಂದು ಹಾಗೇ ಇರಲಿ ಬಿಡಿ ಸಾರ್" ಅಂದರು. ಮದುವೆಗೆ ಬೇರೆ ವಾಚು ಕಟ್ಟಿಕೊಂಡರಾಯಿತು ಅಂತ ಅಲ್ಲೇ ತೀರ್ಮಾನವಾಯಿತು.

ಒಂದು ಮಾತು ಸೇರಿಸಬೇಕು. ಬಣ್ಣ ನೋಡಿ ಅಸಲಿ ನಕಲಿ ಹೇಳಲು ಹೋಗಬೇಡಿ. ಕೆಂಪು, ಕಿತ್ತಳೆ, ಗಿಳಿಹಸಿರು ಪೈಲಟ್‌ಗಳಲ್ಲಿ ತುಂಬಾ ಭಾಗ ಮರುಮುದ್ರಣ ಅನ್ನುವುದು ನಿಜ, ಆದರೆ ಚೆನ್ನಾಗಿ ಮಾಡಿದ ನಕಲಿ ಕಪ್ಪು ಡಯಲ್ ಇನ್ನೂ ಅಪಾಯ, ಯಾಕೆಂದರೆ ಅದರ ಮೇಲೆ ಯಾರಿಗೂ ಅನುಮಾನವೇ ಬರುವುದಿಲ್ಲ. ನೋಡಬೇಕಾದ್ದು ಮುದ್ರಣ ಮತ್ತು ಹಿಂಭಾಗ. ಹಾಗಾಗಿ ವಾಚಿನ ಹಿಂದಿನ ಮುಚ್ಚಳ ತೆಗೆದ ಫೋಟೊ ಕಳಿಸಿದರೆ ಸಾಲದು, ಡಯಲ್‌ನ ಹತ್ತಿರದ ಫೋಟೊ, ಗಾಜಿನ ಹೊಳಪು ಬಾರದ ಹಾಗೆ ಓರೆಯಾಗಿ ತೆಗೆದದ್ದು, ಕೇಳಿ. ಕಳಿಸಲು ಹಿಂದೇಟು ಹಾಕಿದರೆ ಅಲ್ಲಿಗೆ ಬಿಡಿ.

ಯಾವುದನ್ನು ಬದಲಿಸಬಹುದು

ಅಜ್ಜನ ಡಯಲ್‌ಗೆ ನಾವು ಮಾಡಿದ್ದು ತುಂಬಾ ಕಡಿಮೆ. ರಬ್ಬರ್ ಬಲ್ಬಿನಿಂದ ಗಾಳಿ ಊದಿದೆವು. ಎದ್ದು ನಿಂತಿದ್ದ ಚಿಪ್ಪು ಮುಟ್ಟಲಿಲ್ಲ. ನೀರು, ಸೋಪು, ನಿಂಬೆರಸ, ಟೂತ್‌ಪೇಸ್ಟ್ ಏನೂ ಇಲ್ಲ. ಮನೆಯಲ್ಲಿ ಡಯಲ್ ತೊಳೆಯಲು ಹೋಗಿ ಅಕ್ಷರವೆಲ್ಲ ಬಟ್ಟೆಗೆ ಬಂದಿರುವುದನ್ನು ಅಂಗಡಿಯಲ್ಲಿ ನೋಡುತ್ತಲೇ ಇರುತ್ತೇವೆ. ವಾರ್ನಿಶ್ ಮೇಲಿದೆ, ಮುದ್ರಣ ಅದರ ಕೆಳಗೋ ಮೇಲೋ ಒಂದೊಂದು ಡಯಲ್‌ನಲ್ಲಿ ಒಂದೊಂದು ಥರ, ಒರೆಸಿದ ಮೇಲೆಯೇ ಗೊತ್ತಾಗುವುದು. ಮುಳ್ಳಿನ ಹೊಳೆಯುವ ಹಳೇ ಪೇಂಟನ್ನೂ ಕೆರೆಯಲಿಲ್ಲ. ಹಳೇ ವಾಚುಗಳಲ್ಲಿ ಆ ಪೇಂಟ್ ಯಾವ ಕಾಲದ್ದು, ಅದರಲ್ಲಿ ಏನಿದೆ ಅನ್ನುವುದು ಖಚಿತ ಇಲ್ಲದಿದ್ದರೆ ಪುಡಿ ಮಾಡಿ ಉಸಿರಿಗೆ ತೆಗೆದುಕೊಳ್ಳುವ ಕೆಲಸ ಬೇಡ. ರೇಡಿಯಂ ಇದ್ದರೆ ಅದರ ಹೊಳಪು ಸತ್ತರೂ ವಿಕಿರಣ ಸಾಯುವುದಿಲ್ಲ, ಅದರ ಅರ್ಧಾಯುಷ್ಯ 1,600 ವರ್ಷ.

ಬ್ಯಾಲೆನ್ಸ್ ವಿಷಯದಲ್ಲಿ ಯಜಮಾನರಿಗೂ ನನಗೂ ಸ್ವಲ್ಪ ವಾದ ನಡೆಯಿತು. ಮುರಿದ ಸ್ಟಾಫ್ ಒಂದನ್ನೇ ಬದಲಿಸಿದರೆ ಅಜ್ಜನ ಚಕ್ರ, ಅಜ್ಜನ ಹೇರ್‌ಸ್ಪ್ರಿಂಗ್ (ಚಕ್ರವನ್ನು ಅತ್ತಿತ್ತ ಆಡಿಸುವ ಕೂದಲೆಳೆಯಂಥ ಸ್ಪ್ರಿಂಗ್) ಉಳಿಯುತ್ತದಲ್ಲ ಅಂದೆ ನಾನು. ಅವರು ಒಪ್ಪಲಿಲ್ಲ. ಹಳೇ ಸ್ಟಾಫ್ ಕಿತ್ತು ಹೊಸದನ್ನು ಬಡಿದು ಕೂರಿಸುವಾಗ ಚಕ್ರ ಸ್ವಲ್ಪ ಡೊಂಕಾದರೂ ತೂಕ ತಪ್ಪುತ್ತದೆ, ಹೇರ್‌ಸ್ಪ್ರಿಂಗಿಗೆ ಈಗಾಗಲೇ ಯಾರೋ ಕೈ ಹಾಕಿ ಹೊರಗಿನ ಸುತ್ತು ಹಾಳು ಮಾಡಿದ್ದಾರೆ, ಚಕ್ರವೂ ಸ್ಪ್ರಿಂಗೂ ಕಾರ್ಖಾನೆಯಲ್ಲಿ ಜೊತೆ ಮಾಡಿ ಹಾಕಿದ್ದು, ತೆಗೆದರೆ ಜೊತೆಯಾಗಿಯೇ ತೆಗೆಯಬೇಕು ಅಂದರು. ಅವರ ಮಾತು ಸರಿ ಅನಿಸಿತು. ಡ್ರಾಯರಿನ ಜನತಾದ ಇಡೀ ಬ್ಯಾಲೆನ್ಸ್ ತೆಗೆದು ಅಜ್ಜನ ಮಷೀನಿಗೆ ಹಾಕಿದೆವು. ಮೇಲಿನ ಕಲ್ಲು ಮತ್ತು ಪ್ಯಾರಾಶಾಕ್ ಸ್ಪ್ರಿಂಗ್ ಕೂಡ ಅದರದೇ. ಅದೂ ಎಚ್‌ಎಂಟಿ, ಅದೂ 0231. ಅಸಲಿ ಭಾಗ, ಆದರೆ ಬೇರೆ ವಾಚಿನದು. ಇದನ್ನು ನಾನು ಕಲಬೆರಕೆ ಅನ್ನುವುದಿಲ್ಲ. ಕಾರ್ಖಾನೆ ನಡೆಯುತ್ತಿದ್ದ ಕಾಲದಲ್ಲೂ ಸರ್ವಿಸ್ ಸೆಂಟರಿನಲ್ಲಿ ಆಗುತ್ತಿದ್ದದ್ದು ಇದೇ ತಾನೆ?

ಆಮೇಲೆ ಪೂರ್ತಿ ಸರ್ವಿಸ್. ಎಲ್ಲ ಬಿಚ್ಚಿ ಬೆಂಜೈನಿನಲ್ಲಿ (ವಾಚು ತೊಳೆಯುವ ಪೆಟ್ರೋಲು, ವಿಷದ ಬೆಂಜೀನ್ ಅಲ್ಲ) ತೊಳೆದು, ಕಲ್ಲಿನ ತೂತುಗಳನ್ನು ಕಡ್ಡಿಯ ಮೊನೆಯಿಂದ ತಿರುವಿ ತೆಗೆದು, ಬೇಗ ತಿರುಗುವ ಚಕ್ರಗಳಿಗೆ ತೆಳು ಎಣ್ಣೆ, ಕೀ ತಿರುಗಿಸುವ ಕಡೆಗೆ ಗ್ರೀಸು. ಬ್ಯಾಲೆನ್ಸಿಗೆ ತಳ್ಳು ಕೊಡುವ ಪ್ಯಾಲೆಟ್‌ನ ಅಚ್ಚಿಗೆ ಎಣ್ಣೆ ಹಾಕಲಿಲ್ಲ, ಹಾಕಬಾರದು, ಅಲ್ಲಿ ಎಣ್ಣೆ ಬಿದ್ದರೆ ಅಂಟಿ ಬಡಿತ ಸೋಲುತ್ತದೆ. ಟೈಮಿಂಗ್ ಮಷೀನ್ ಮೇಲೆ ಇಟ್ಟಾಗ ಡಯಲ್ ಮೇಲ್ಮುಖವಾಗಿ 250 ಡಿಗ್ರಿ ಸುಮಾರು ಬೀಸು (ಬ್ಯಾಲೆನ್ಸ್ ಒಂದು ಕಡೆಗೆ ತಿರುಗುವ ಅಳತೆ) ಬಂತು, ದಿನಕ್ಕೆ ಹತ್ತು ಹನ್ನೆರಡು ಸೆಕೆಂಡ್ ಮುಂದೆ. ನಿಲ್ಲಿಸಿ ಹಿಡಿದರೆ ಬೀಸು 220ರ ಹತ್ತಿರ ಇಳಿಯುತ್ತದೆ. ಇಷ್ಟು ಹಳೇ ಮಷೀನಿಗೆ ಇದು ಒಳ್ಳೆ ಆರೋಗ್ಯ. 200ಕ್ಕಿಂತ ಕೆಳಗೆ ಹೋದರೆ ನಾನು ತಲೆ ಕೆಡಿಸಿಕೊಳ್ಳುತ್ತಿದ್ದೆ.

ಗಾಜು ಹೊಸದು, ಅಕ್ರಿಲಿಕ್, ಅಳತೆಗೆ ಸರಿ ಕೂರುವ ಯಾವುದೋ ಸಾಮಾನ್ಯ ತಯಾರಿಕೆ. ಕ್ರೌನ್ ನಕಲಿ, ಅಳತೆ ಸರಿ ಇದೆ, ಅಷ್ಟೇ. ಒಳಗಿನ ರಬ್ಬರ್ ರಿಂಗ್ ಹೊಸದು. ಇವು ಮೂರೂ ಸವೆದು ಹೋಗುವುದಕ್ಕೇ ಹುಟ್ಟಿದ ಭಾಗಗಳು, ಸೈಕಲ್ ಟೈರಿನ ಹಾಗೆ, ಬದಲಿಸದೆ ಗತಿ ಇಲ್ಲ. ಇವುಗಳಲ್ಲಿ ಅಸಲಿ ಹುಡುಕಿ ಜೇಬು ಖಾಲಿ ಮಾಡಿಕೊಳ್ಳುವುದು ಬೇಡ ಅಂತ ನನ್ನ ಅಭಿಪ್ರಾಯ. ಕೇಸಿಗೆ ಹೊಸ ಕ್ರೋಮ್ ಹಾಕಿಸಲಿಲ್ಲ. ಪ್ಲೇಟಿಂಗ್‌ಗೆ ಮೊದಲು ಅವರು ಬಫ್ ಹಿಡಿದು ಉಜ್ಜುತ್ತಾರೆ, ಅಲ್ಲಿಗೆ ಕೇಸಿನ ಮೂಲೆ, ಅಂಚು ಎಲ್ಲ ಕರಗಿ ಗುಂಡಗಾಗುತ್ತದೆ. ಹಿತ್ತಾಳೆ ಕಾಣಲಿ.

ತೆಗೆದ ಭಾಗಗಳನ್ನು, ಮುರಿದ ಬ್ಯಾಲೆನ್ಸ್, ಆ ಲೇಡೀಸ್ ಕ್ರೌನ್, ತಂತಿ ಚೂರು ಸಮೇತ, ಸಣ್ಣ ಪ್ಲಾಸ್ಟಿಕ್ ಪೊಟ್ಟಣಕ್ಕೆ ಹಾಕಿ ಮೇಷ್ಟ್ರಿಗೆ ಕೊಟ್ಟೆವು. ಮುರಿದದ್ದು ಯಾಕೆ ಅಂತ ಕೇಳಿದರು. ನಾಳೆ ಯಾರಾದರೂ ಒಳ್ಳೆ ಕೈಯವರು ಸಿಕ್ಕಿ ಆ ಚಕ್ರಕ್ಕೇ ಹೊಸ ಸ್ಟಾಫ್ ಕೂರಿಸಿದರೆ ಅಜ್ಜನ ಬ್ಯಾಲೆನ್ಸ್ ವಾಪಸ್ ಹಾಕಬಹುದು. ಡಬ್ಬಿಯಲ್ಲಿ ಅದು ಇದ್ದರೆ ತಾನೆ?

ಉಳಿದ ಸಾಮಾನಿನಿಂದ ಇನ್ನೊಂದು

ಈಗ ಮೇಜಿನ ಮೇಲೆ ಉಳಿದಿದ್ದು ಮುಂಬೈ ವಾಚಿನ ಹೊಸ ಕೇಸು, ಅದರ ಹೆಸರಿಲ್ಲದ ಸ್ಟೀಲ್ ಮುಚ್ಚಳ, ನಕಲಿ ಡಯಲ್, ಅಳತೆಗೆ ಗಿಡ್ಡವಾದ ಮುಳ್ಳು, ಅದರೊಳಗಿದ್ದ ಅಸಲಿ 0231, ಮತ್ತೆ ಜನತಾದ ಅರ್ಧ ಮಷೀನ್. ಮುಂಬೈ ಮಷೀನಿನಲ್ಲಿ ಎಣ್ಣೆ ಒಣಗಿ ಅಂಟಾಗಿತ್ತು, ಒಂದು ಚಕ್ರದ ಹಲ್ಲು ಹೋಗಿತ್ತು, ಅದನ್ನು ಜನತಾದಿಂದ ತುಂಬಿದೆವು. ಮುಳ್ಳು ಕೂಡ ಜನತಾದ್ದು ಹಾಕಿದೆವು. ಚೆನ್ನಾಗಿ ಓಡಿತು. ಮದುವೆಗೆ ಮೇಷ್ಟ್ರು ಕಟ್ಟಿಕೊಂಡು ಹೋಗಿದ್ದು ಇದನ್ನೇ, ಫೋಟೊದಲ್ಲಿ ಲಕಲಕ ಅಂತಲೇ ಇದೆ. ಇಂಥ ವಾಚು ಕಟ್ಟುವುದರಲ್ಲಿ ತಪ್ಪಿಲ್ಲ ಅನ್ನುವುದು ನನ್ನ ಗಟ್ಟಿ ನಂಬಿಕೆ. ಗುಜರಿಗೆ ಹೋಗುವ ಮಷೀನ್ ಒಂದು ಮತ್ತೆ ಬಡಿಯುತ್ತದೆ, ಕಲಿಯುವವರಿಗೆ ಕೈ ಕೂರುತ್ತದೆ.

ಮದುವೆ ಮನೆಯಲ್ಲೇ ಮೇಷ್ಟ್ರ ಚಿಕ್ಕಪ್ಪನ ಪರಿಚಯದವರೊಬ್ಬರು ಅದನ್ನು ನೋಡಿದರು. ಬೆಂಗಳೂರಿನವರು, ಹೊಸದಾಗಿ ಹಳೇ ವಾಚು ಕೂಡಿಸಲು ಶುರು ಮಾಡಿದ್ದಾರೆ. ತುಮಕೂರಿನ ಕಾರ್ಖಾನೆಯವರ ಮನೆಯಿಂದ ಬಂದ ಪೈಲಟ್ ಅಂದ ತಕ್ಷಣ ಐದು ಸಾವಿರ ಕೊಡುತ್ತೇನೆ ಅಂದರು. ಚಿಕ್ಕಪ್ಪನ ವಾದ ಸರಳ: "ನಾವೇನು ಸುಳ್ಳು ಹೇಳ್ತಿದೀವಾ? ಮಷೀನ್ ಒರಿಜಿನಲ್, ನಮ್ಮಪ್ಪ ಫ್ಯಾಕ್ಟ್ರಿಲಿದ್ದಿದ್ದು ನಿಜ, ಕೊಡೋರು ಕೊಡ್ತಾರೆ, ತಗೊಳೋರು ತಗೊತಾರೆ."

ಇದರಲ್ಲಿ ಪ್ರತಿ ಮಾತೂ ಬಿಡಿಬಿಡಿಯಾಗಿ ನಿಜ. ಒಟ್ಟಿಗೆ ಸೇರಿಸಿದರೆ ಮೋಸ. ಆ ಮನೆಯ ಹೆಸರು ಈ ವಾಚಿಗೆ ಸೇರಿದ್ದಲ್ಲ, ಇನ್ನೊಂದಕ್ಕೆ ಸೇರಿದ್ದು. ನಮ್ಮ ಊರಿನಲ್ಲಿ ಈ ವಿಷಯಕ್ಕೆ ತೂಕ ಜಾಸ್ತಿ. 2016ರ ಜನವರಿಯಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚ್ ಕಂಪನಿ ಮುಚ್ಚುವ ತೀರ್ಮಾನ ಮಾಡಿತು, ತುಮಕೂರಿನ ಕಾರ್ಖಾನೆಯ ಜಾಗ ಆಮೇಲೆ ಇಸ್ರೋಗೆ ಹೋಯಿತು. ಅಲ್ಲಿ ದುಡಿದವರ ಮನೆಗಳಲ್ಲಿ ಉಳಿದಿರುವುದು ಇಂಥ ವಾಚು, ಒಂದೆರಡು ಫೋಟೊ, ಐಡಿ ಕಾರ್ಡು. "ಕಾರ್ಖಾನೆಯವರ ಮನೆಯ ವಾಚು" ಅನ್ನುವ ಮಾತು ಒಂದು ಸಲ ಸುಳ್ಳಾಗಿ ಮಾರಾಟವಾದರೆ, ನಾಳೆ ನಿಜವಾಗಿಯೂ ಅಂಥ ವಾಚು ತಂದವರನ್ನು ಯಾರು ನಂಬುತ್ತಾರೆ?

ಕಾನೂನಿನ ಮಾತೂ ಇದೆ. ಆ ಡಯಲ್ ಮೇಲೆ ಕಂಪನಿಯ ಹೆಸರನ್ನು ಕಂಪನಿಗೆ ಸಂಬಂಧವೇ ಇಲ್ಲದ ಯಾರೋ ಮುದ್ರಿಸಿದ್ದಾರೆ. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 103 ಮತ್ತು 104ನೇ ಸೆಕ್ಷನ್ ಪ್ರಕಾರ ಸುಳ್ಳು ಟ್ರೇಡ್ ಮಾರ್ಕ್ ಹಾಕುವುದಕ್ಕೂ, ಹಾಕಿದ್ದನ್ನು ಮಾರುವುದಕ್ಕೂ ಆರು ತಿಂಗಳಿಂದ ಮೂರು ವರ್ಷದ ತನಕ ಜೈಲು, 50 ಸಾವಿರದಿಂದ 2 ಲಕ್ಷದ ತನಕ ದಂಡ. ಹಳೇ ವಾಚೊಂದರ ಮೇಲೆ ಪೊಲೀಸರು ಓಡಿ ಬರುತ್ತಾರೆ ಅಂತ ಹೆದರಿಸುತ್ತಿಲ್ಲ. ಆದರೆ "ಎಲ್ಲರೂ ಮಾಡ್ತಾರೆ" ಅನ್ನುವ ಮಾತಿಗೆ ಬಲ ಇಲ್ಲ ಅನ್ನುವುದು ಗೊತ್ತಿರಲಿ.

ನಾನು ಮೊದಲು ಹೇಳಿದ್ದು ಒಂದು ಚೀಟಿ ಬರೆದು ಕೊಡೋಣ ಅಂತ. ಯಾವ ಭಾಗ ಎಲ್ಲಿಂದ, ಯಾವುದು ಅಸಲಿ, ಯಾವುದು ನಕಲಿ. ಕೂಡಿಸುವವರ ನಡುವೆ ಒಳ್ಳೆಯವರು ಹೀಗೇ ಮಾಡುತ್ತಾರೆ. ಯಜಮಾನರು ಅದನ್ನು ಕೇಳಿ ಕೇಳಿದ್ದು ಒಂದೇ ಪ್ರಶ್ನೆ: "ಚೀಟಿ ಎಷ್ಟು ಕೈ ದಾಟುತ್ತೆ?"

ಆ ಪ್ರಶ್ನೆ ಸರಿಯಾದ ಜಾಗಕ್ಕೆ ತಾಗಿತು. ಮೊದಲು ಕೊಳ್ಳುವವರಿಗೆ ನಿಜ ಗೊತ್ತಿರುತ್ತದೆ. ಅವರು ಎರಡು ವರ್ಷ ಕಟ್ಟಿ ಇನ್ನೊಬ್ಬರಿಗೆ ಕೊಡುತ್ತಾರೆ, ಚೀಟಿ ಎಲ್ಲೋ ಡ್ರಾಯರಿನಲ್ಲಿ ಉಳಿಯುತ್ತದೆ. ಮೂರನೆಯವರ ಹೊತ್ತಿಗೆ ಅದು "ತುಮಕೂರಿನ ಒರಿಜಿನಲ್ ಪೈಲಟ್". ಯಾರೂ ಬೇಕೆಂದು ಸುಳ್ಳು ಹೇಳಿರುವುದಿಲ್ಲ, ಆದರೂ ಸುಳ್ಳು ತಯಾರಾಗಿರುತ್ತದೆ. ನಿಜ ವಾಚಿನ ಜೊತೆ ಇದ್ದರೆ ಸಾಲದು, ವಾಚಿನ ಒಳಗೇ ಇರಬೇಕು.

ಹಾಗಾಗಿ ಯಜಮಾನರು ಆ ಹೆಸರಿಲ್ಲದ ಮುಚ್ಚಳದ ಒಳಮೈಯಲ್ಲಿ ಗೀಚಿದರು, ಹಿಂದಿನವರು ತಾರೀಖು ಗೀಚುತ್ತಿದ್ದ ಹಾಗೆಯೇ. ಮೇಲೆ ತಿಂಗಳು, ವರ್ಷ. ಕೆಳಗೆ ಕನ್ನಡದಲ್ಲಿ "ಡಯಲ್ ನಕಲಿ", ಅದರ ಕೆಳಗೆ "ಮುಳ್ಳು ಜನತಾ". ಮುಂದೆ ಯಾರೇ ಸರ್ವಿಸ್ ಮಾಡಲು ತೆಗೆದರೂ ಮೊದಲು ಕಾಣುವುದು ಅದೇ. ಬೇಕಾದವರು ಆ ಮುಚ್ಚಳವನ್ನೇ ಬದಲಿಸಬಹುದು, ಅದಕ್ಕೆ ಯಾರೂ ಏನೂ ಮಾಡಲಾಗುವುದಿಲ್ಲ, ಆದರೆ ಆಗ ಸುಳ್ಳು ಹೇಳಲು ಒಬ್ಬರು ಬೇಕೆಂದೇ ಕೈ ಹಾಕಬೇಕಾಗುತ್ತದೆ, ಮರೆವಿನಿಂದ ಆಗುವುದಿಲ್ಲ.

ಅಜ್ಜನ ವಾಚಿನ ಮುಚ್ಚಳದಲ್ಲಿ ಮಾತ್ರ ಗೀಚುವುದು ಬೇಡ ಅಂದೆ ನಾನು. ಅದು ಹಳೇ ಅಸಲಿ ಭಾಗ, ಫೋಟೊ ಮತ್ತು ಪೊಟ್ಟಣ ಸಾಕು ಅಂತ. ಯಜಮಾನರು ಕೇಳಲಿಲ್ಲ. "ಇಷ್ಟು ಜನ ಬರೆದಿದಾರೆ, ನಾನೂ ಕೆಲಸ ಮಾಡಿದೀನಿ, ಬರೆಯೋದು ನನ್ನ ಕರ್ತವ್ಯ" ಅಂತ ಉರ್ದು ಗುರುತಿನ ಪಕ್ಕ ಸಣ್ಣಗೆ ತಾರೀಖು, "ಬ್ಯಾ. ಬದಲು" ಅಂತ ಹಾಕಿಯೇಬಿಟ್ಟರು. ಕೂಡಿಸುವವರಲ್ಲಿ ತುಂಬಾ ಜನ ಇದನ್ನು ಒಪ್ಪುವುದಿಲ್ಲ, ನನಗೂ ಪೂರ್ತಿ ಒಪ್ಪಿಗೆ ಇಲ್ಲ. ಆದರೆ ಮೇಷ್ಟ್ರಿಗೆ ಅದು ಇಷ್ಟವಾಯಿತು, ವಾಚು ಅವರದು.

ಬೆಂಗಳೂರಿನವರಿಗೆ ಮೇಷ್ಟ್ರೇ ಫೋನ್ ಮಾಡಿ ಎಲ್ಲ ಹೇಳಿದರು, ಮುಚ್ಚಳದ ಫೋಟೊ ಕಳಿಸಿದರು. ಅವರು ಬೇಡ ಅಂದರು, ನಕಲಿ ಡಯಲ್ ಅವರಿಗೆ ಬೇಡ, ಅದು ಅವರ ಹಕ್ಕು. ಚಿಕ್ಕಪ್ಪ ಕೆಲವು ದಿನ ಮಾತಾಡಲಿಲ್ಲ. ಆ ನಕಲಿ ಡಯಲ್‌ನ್ನು ಮಾರುವ ವಾಚಿನಲ್ಲಿ ಇಡುವುದೇ ಬೇಡ ಅಂತ ನಾನು ಹೇಳಿದೆ. ಕಂಪನಿ ಹೆಸರೇ ಇಲ್ಲದ ಸಾದಾ ಡಯಲ್ ಒಂದನ್ನು ತರಿಸಿ ಹಾಕಿ, ಮುಚ್ಚಳದ "ಡಯಲ್ ನಕಲಿ" ಪಕ್ಕದಲ್ಲಿ "ತೆಗೆದಿದೆ, ಸಾದಾ ಡಯಲ್" ಅಂತ ಸೇರಿಸಿ, ಮೇಷ್ಟ್ರ ಶಾಲೆಯ ಇನ್ನೊಬ್ಬ ಮೇಷ್ಟ್ರಿಗೆ ಸಾವಿರದ ಎಂಟುನೂರಕ್ಕೆ ಕೊಟ್ಟೆವು. ಮುಂಬೈ ವಾಚು, ಜನತಾ, ಹೊಸ ಡಯಲ್, ಯಜಮಾನರ ಕೂಲಿ ಲೆಕ್ಕ ಹಾಕಿದರೆ ಇದರಲ್ಲಿ ಲಾಭವಿಲ್ಲ. ನಕಲಿ ಡಯಲ್ ಈಗ ನನ್ನ ಹತ್ತಿರ ಇದೆ, ಹೊಸದಾಗಿ ಕೂಡಿಸುವವರು ಬಂದರೆ ಅಸಲಿ ಒಂದರ ಪಕ್ಕ ಇಟ್ಟು ಲೂಪ್ ಕೈಗೆ ಕೊಡುತ್ತೇನೆ.

ಅಜ್ಜನ ಪೈಲಟ್‌ಗೆ ಇನ್ನೂ ಒಂದು ಕೆಲಸ ಬಾಕಿ ಇದೆ. ಆ ಕಾಲದ ಅಸಲಿ ಕ್ರೌನ್ ಒಂದು ಸಿಕ್ಕರೆ ಹಾಕಬೇಕು ಅಂತ ಯಜಮಾನರ ಆಸೆ, ನಕಲಿ ಕ್ರೌನ್ ಸಾಕು ಅಂತ ನಾನು ಎಷ್ಟು ಹೇಳಿದರೂ ಕೇಳುತ್ತಿಲ್ಲ. ನಿಮ್ಮ ಮನೆಯಲ್ಲಿ ಕೆಟ್ಟು ನಿಂತ ಎಚ್‌ಎಂಟಿ ಇದ್ದರೆ ಗುಜರಿಗೆ ಹಾಕುವ ಮೊದಲು ಒಬ್ಬ ರಿಪೇರಿಯವರಿಗೆ ತೋರಿಸಿ, ಹಿಂದಿನ ಮುಚ್ಚಳ ತೆಗೆಸಿ ಒಳಮೈ ನೋಡಿ.